ಅಂಟಿನ ಸಕ್ಕರೆ

ಜನವರಿ 9

ತಮ್ಮನಿಗೆ,

ನೀನು ಫೋನು ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಕ್ಕಳ ರಕ್ಷಣಾ ಕಚೇರಿಗೆ ದೂರು ಕೊಟ್ಟವಳು ನಾನೇ. ಪಕ್ಕದ ಮನೆಯವರೇ ಕೊಟ್ಟರೆಂದು ಅವರ ಬಾಗಿಲ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಾಡಿದೆಯಂತೆ. ಆ ಪಾಪದವರನ್ನು ಬಿಟ್ಟುಬಿಡು. ನಾನು ಹಿಂದಿನಿಂದ ಚುಚ್ಚುವವಳಲ್ಲ. ಸಹಿ ಹಾಕಿ, ವಿಳಾಸ ಬರೆದು, ನಾನೇ ಹೋಗಿ ಕೊಟ್ಟು ಬಂದೆ.

ನಿನ್ನ ಮಗಳು ಚಿಣ್ಣಿಗೆ ಇನ್ನೂ ನಾಲ್ಕು ವರ್ಷ ತುಂಬಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಮೂಳೆ ಮುರಿದಿದೆ. ಮೊದಲು ಭುಜದ ಮುಂದಿನ ಮೂಳೆ, ಆಮೇಲೆ ಕಾಲು, ಈಗ ತೋಳು. ಡಿಸೆಂಬರಿನ ಕೊನೆಯ ಭಾನುವಾರ ನಿಮ್ಮ ಮನೆಗೆ ಬಂದಾಗ ಹೇಗಾಯಿತೆಂದು ಕೇಳಿದೆ. ನೀನು "ಕುರ್ಚಿಯಿಂದ ಇಳಿದ್ಲು ಅಷ್ಟೆ" ಎಂದೆ. ಇಳಿದರೆ ಮುರಿಯುತ್ತದೆಯೇ? ಆ ಮಗು ಮತ್ತೆ ಕುರ್ಚಿ ಹತ್ತಲು ಹೋದಾಗ ನೀನು "ಕೂತ್ಕೋ ಅಂದ್ನಲ್ಲ!" ಎಂದು ಗುಡುಗಿದ್ದು ಬೀದಿಯವರೆಗೆ ಕೇಳಿಸಿತು. ನಿನ್ನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಒಂದು ಕೇಳಿದರೆ ಒಂದು ಹೇಳುತ್ತಾಳೆ. ಅವಳಿಂದ ಮಗುವಿಗೆ ರಕ್ಷಣೆ ಸಿಗುತ್ತದೆಂದು ನಂಬುವಷ್ಟು ದಡ್ಡಿ ನಾನಲ್ಲ.

ನಿನ್ನ ಸಿಟ್ಟು ನನಗೆ ಹೊಸದೇ? ಹದಿನಾಲ್ಕನೇ ವಯಸ್ಸಿನಲ್ಲಿ ಕುದಿಯುವ ಅಂಟಿನ ಸೌಟನ್ನು ನನ್ನ ತಲೆಯ ಪಕ್ಕದ ಗೋಡೆಗೆ ಬೀಸಿದವನು ನೀನು. ಅಂಟಿನ ಕಾರ್ಖಾನೆಯ ಸುಣ್ಣದ ನೀರಿನಲ್ಲಿ ಒರಟಾದ ಆ ಕೈಗಳನ್ನು ಮಗುವಿನ ತೋಳಿನ ಪಕ್ಕ ಇಟ್ಟು ನೋಡು, ನಿನಗೇ ತಿಳಿಯುತ್ತದೆ.

ವಿಚಾರಣೆ ಮುಗಿಯುವವರೆಗೆ ಮಗು ನನ್ನ ಮನೆಯಲ್ಲಿರುತ್ತದೆ. ವಾರಕ್ಕೊಮ್ಮೆ ಕಚೇರಿಯಲ್ಲಿ, ಅಧಿಕಾರಿಯ ಎದುರಿಗೆ, ಅರ್ಧ ಗಂಟೆ ನೀವು ನೋಡಬಹುದು. ಬರುವ ಮುಂಚೆ ಸ್ನಾನ ಮಾಡು. ಆ ನಾತ ಹೊತ್ತುಕೊಂಡು ಬರಬೇಡ.

ಇಂತಿ,
ನಿನ್ನ ಅಕ್ಕ


ಜನವರಿ 17

ಉಪನ್ಯಾಸಕಿಯವರಿಗೆ,

ಕಾಗದ ಓದಿದೆ. ಅಕ್ಷರ ಮುತ್ತಿನ ಹಾಗಿದೆ. ಅಪ್ಪ ಇದ್ದಿದ್ದರೆ ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ.

ಸೌಟು ಬೀಸಿದ್ದು ನೆನಪಿಟ್ಟುಕೊಂಡಿದ್ದೀಯ. ಯಾಕೆ ಬೀಸಿದೆ ಅನ್ನುವುದು ಮರೆತಿದ್ದೀಯ. ಅವತ್ತು ನಿನ್ನ ಗೆಳತಿಯರು ಬಂದಿದ್ದರು. ಒಲೆಯ ಮುಂದೆ ನಿಂತಿದ್ದ ನನ್ನನ್ನು ತೋರಿಸಿ "ನಮ್ಮ ಕೆಲಸದವ್ನು" ಅಂದೆ. ನನ್ನ ಕಿವಿ ಚೆನ್ನಾಗಿದೆ ಅಕ್ಕ. ಆಗಲೂ ಚೆನ್ನಾಗಿತ್ತು.

ಇನ್ನೊಂದು ವಿಷಯ. ಹೋದ ವರ್ಷ ನಿಮ್ಮ ಕಾಲೇಜಿನ ಹುಡುಗರು ಇಪ್ಪತ್ತು ಜನ ನಮ್ಮ ಅಂಟಿನ ಕಾರ್ಖಾನೆ ನೋಡಲು ಬಂದಿದ್ದರು. ಚರ್ಮದ ಚೂರನ್ನು ಸುಣ್ಣದಲ್ಲಿ ನೆನೆಸುವುದು, ತೊಳೆಯುವುದು, ಸಣ್ಣ ಉರಿಯಲ್ಲಿ ಕುದಿಸಿ ಸೋಸುವುದು, ತಟ್ಟೆಯಲ್ಲಿ ಗಟ್ಟಿಯಾದ ಮೇಲೆ ತಂತಿಯಿಂದ ಕೊಯ್ದು ಬಲೆಯ ಮೇಲೆ ಒಣಗಿಸುವುದು, ಎಲ್ಲ ತೋರಿಸಿದೆ. ಒಬ್ಬ ಮೂಗು ಮುಚ್ಚಿಕೊಂಡೇ ನಕ್ಕ. ಯಾಕಪ್ಪ ನಗ್ತೀಯ ಅಂದೆ. "ನಮ್ ಮೇಡಂ ಹೇಳಿದ್ರು ಸಾರ್, ಇಷ್ಟು ನಾತ ಬರೋದ್ರಿಂದ ಹುಟ್ಟಿದ ವಸ್ತುವಿಗೆ ಸಿಹಿ ಅಂತ ಹೆಸರಿಟ್ಟಿದಾರೆ, ಅಂಟು ಕುದಿಸೋರಿಗೆ ಮಾತ್ರ ಅದು ಗೊತ್ತಾಗಲ್ಲ ಅಂತ." ಇಪ್ಪತ್ತೂ ಜನ ನಕ್ಕರು. ನಾನೂ ನಕ್ಕೆ. ಆ ಮೇಡಂ ನನ್ನ ಒಡಹುಟ್ಟಿದವಳು ಅಂತ ಹೇಳಲಿಲ್ಲ. ನಿನ್ನ ಮರ್ಯಾದೆ ಉಳಿಸಿದೆ.

ನಾನು ನನ್ನ ಮಗಳ ಮೇಲೆ ಕೈ ಎತ್ತಿಲ್ಲ. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ.

ಅಂಟಿನವ


ಫೆಬ್ರವರಿ 2

ತಮ್ಮನಿಗೆ,

ಹುಡುಗರು ತರಗತಿಯ ಮಾತನ್ನು ಹೊರಗೆ ತೆಗೆದುಕೊಂಡು ಹೋಗಿ ಹೇಗೆ ಬೇಕೋ ಹಾಗೆ ತಿರುಚುತ್ತಾರೆ. ಆದರೂ ವಿಷಯ ತಪ್ಪಲ್ಲ. ಆ ಸಿಹಿ ವಸ್ತುವಿನ ಹೆಸರು ಗ್ಲೈಸಿನ್. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೊ ಆಮ್ಲಗಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಸರಳವಾದದ್ದು. ಉಳಿದವಕ್ಕೆಲ್ಲ ಪಕ್ಕದಲ್ಲಿ ಒಂದು ಬಾಲವೋ ಬಳೆಯೋ ಇರುತ್ತದೆ. ಇದಕ್ಕೆ ಬರೀ ಒಂದು ಹೈಡ್ರೋಜನ್. ಇನ್ನೂರು ವರ್ಷದ ಹಿಂದೆ ಒಬ್ಬ ರಸಾಯನಜ್ಞ ಅಂಟನ್ನು ಆಮ್ಲದಲ್ಲಿ ಕುದಿಸಿದಾಗ ಬಿಳಿ ಹರಳು ಸಿಕ್ಕಿತು. ನಾಲಿಗೆಗೆ ಹಚ್ಚಿ ನೋಡಿದರೆ ಸಿಹಿ. ಅಂಟಿನ ಸಕ್ಕರೆ ಎಂದು ಕರೆದ. ಆಮೇಲಿನವರು ಗ್ರೀಕ್ ಭಾಷೆಯ ಸಿಹಿ ಎಂಬ ಪದದಿಂದ ಈಗಿನ ಹೆಸರು ಕೊಟ್ಟರು. ಮೂವತ್ತು ವರ್ಷ ಅದೇ ಕೊಪ್ಪರಿಗೆಯ ಮುಂದೆ ನಿಂತ ನಿನಗೆ ಇದು ಗೊತ್ತಿರಲಿಲ್ಲ ಎನ್ನುವುದು ನನ್ನ ತಪ್ಪಲ್ಲ.

ಚಿಣ್ಣಿಯ ತೋಳಿನ ಪ್ಲಾಸ್ಟರ್ ಬಿಚ್ಚಿದ್ದಾರೆ. ಹೊಟ್ಟೆ ತುಂಬ ತಿನ್ನುತ್ತಾಳೆ. ನನ್ನ ಪುಸ್ತಕದ ಕಪಾಟಿನ ಕೆಳಗಿನ ಸಾಲು ಪೂರ್ತಿ ಈಗ ಅವಳದು. ಅಮ್ಮ ಯಾವಾಗ ಬರ್ತಾಳೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ, ಹನ್ನೊಂದನೆಯ ಸಲಕ್ಕೆ ಮರೆಯುತ್ತಾಳೆ. ಇಪ್ಪತ್ತೇಳು ದಿನವಾಯಿತು, ಮೈಮೇಲೆ ಒಂದು ಗೀರು ಇಲ್ಲ. ಯಾಕೆ ಗೊತ್ತೇ? ಈ ಮನೆಯಲ್ಲಿ ಯಾರೂ ಗುಡುಗುವುದಿಲ್ಲ, ಯಾರೂ ಕೈ ಬೀಸುವುದಿಲ್ಲ. ವಿಚಾರಣೆಯಲ್ಲಿ ಇಷ್ಟನ್ನೇ ಹೇಳುತ್ತೇನೆ, ಹೆಚ್ಚಿಗೆ ಹೇಳುವ ಅಗತ್ಯವೇ ಬರುವುದಿಲ್ಲ.

ಇಂತಿ,
ಅಕ್ಕ


ಫೆಬ್ರವರಿ 21

ತಮ್ಮನಿಗೆ,

ಇವತ್ತು ಚಿಣ್ಣಿಯನ್ನು ಕಚೇರಿಗೆ ಕರೆದುಕೊಂಡು ಬರಲು ಆಗಲಿಲ್ಲ. ನೆಗಡಿ. ಮುಂದಿನ ವಾರವೂ ಕಷ್ಟ. ಗಾಬರಿ ಪಡುವಂಥದ್ದು ಏನೂ ಇಲ್ಲ.

ಅಕ್ಕ


ಫೆಬ್ರವರಿ 27

ಅಕ್ಕ,

ನೆಗಡಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕುವುದು ನಿಮ್ಮ ರಸಾಯನಶಾಸ್ತ್ರದಲ್ಲಿದೆಯಾ?

ನಮ್ಮ ಗೋದಾಮಿನವನ ಮಗಳು ಆ ಆಸ್ಪತ್ರೆಯಲ್ಲಿ ನರ್ಸು. ಚಿಣ್ಣಿಯನ್ನು ಮೊದಲಿನ ಮೂರು ಸಲವೂ ನೋಡಿದವಳು. ನಾಲ್ಕನೆಯ ಸಲ ನೋಡಿ ನೇರ ಕಾರ್ಖಾನೆಗೆ ಬಂದಳು. "ಅಣ್ಣ, ಯಾರಿಗೂ ಹೇಳ್ಬಾರ್ದು, ಆದ್ರೆ ನಿಮಗೆ ಹೇಳ್ದೆ ಇರಕ್ಕಾಗಲ್ಲ" ಅಂತ ಅಂದಳು.

ಈಗ ಹೇಳು. ನಿನ್ನ ಮನೆಯಲ್ಲಿ ಯಾರು ಗುಡುಗಿದರು? ಯಾರು ಕೈ ಬೀಸಿದರು? ನಿನ್ನ ಮೃದುವಾದ, ಸೀಮೆಸುಣ್ಣ ಹಿಡಿಯುವ ಬೆರಳುಗಳನ್ನು ಅವಳ ಕಾಲಿನ ಪಕ್ಕ ಇಟ್ಟು ನೋಡಿದೆಯಾ? ನಿನಗೇ ತಿಳಿಯುತ್ತದೆ ಅಂದಿದ್ದೆಯಲ್ಲ, ಏನು ತಿಳಿಯಿತು?

ನಿನ್ನ ಮೇಲೆ ದೂರು ಕೊಡೋಣ ಅಂತ ಹೊರಟೆ. ಕಚೇರಿಯ ಮೆಟ್ಟಿಲು ಹತ್ತಿದೆ. ಅರ್ಜಿ ಬರೆದು ಕೊಡುವವನು ಪೆನ್ನು ಹಿಡಿದು "ಹೇಳಿ, ಯಾರ ಮೇಲೆ" ಅಂದ. ನೀನಿಲ್ಲ ಅಂದರೆ ಅವಳನ್ನು ಗುರುತು ಪರಿಚಯ ಇಲ್ಲದವರ ಮನೆಗೋ ಯಾವುದೋ ಆಶ್ರಮಕ್ಕೋ ಕಳಿಸುತ್ತಾರಂತೆ. ಕೇಳಿ ಎದ್ದು ಬಂದೆ. ನಿನ್ನ ಮೇಲಿನ ಕನಿಕರದಿಂದ ಅಂದುಕೊಳ್ಳಬೇಡ. ನಿನ್ನ ಮೇಲೆ ಕನಿಕರ ಪಡುವಷ್ಟು ನನ್ನಲ್ಲಿ ಏನೂ ಉಳಿದಿಲ್ಲ.

ಆರು ದಿನ ನೀನು ಮುಚ್ಚಿಟ್ಟೆ. ನಾನು ಒಂದು ದಿನವೂ ಮುಚ್ಚಿಟ್ಟಿರಲಿಲ್ಲ. ಮೂರು ಸಲವೂ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ನಾನು. ಆ ಓಟವನ್ನೇ ಲೆಕ್ಕ ಹಾಕಿ ನೀನು ನನ್ನನ್ನು ರಾಕ್ಷಸ ಮಾಡಿದೆ.

ತಮ್ಮ ಅಂತ ಸಹಿ ಹಾಕಲು ಕೈ ಬರುತ್ತಿಲ್ಲ


ಮಾರ್ಚ್ 4

ತಮ್ಮನಿಗೆ,

ನೀನು ಬರೆದದ್ದರಲ್ಲಿ ಒಂದು ಸಾಲೂ ಸುಳ್ಳಲ್ಲ.

ಫೆಬ್ರವರಿ ಇಪ್ಪತ್ತೊಂದರ ಬೆಳಿಗ್ಗೆ. ನಿನ್ನನ್ನು ನೋಡಲು ಕಚೇರಿಗೆ ಹೊರಡಿಸುತ್ತಿದ್ದೆ. ಮಂಚದ ಅಂಚಿನಲ್ಲಿ ಕೂತಿದ್ದಳು. ಕಾಲುಚೀಲ ಹಾಕುತ್ತಿದ್ದೆ. ಎಡಗಾಲಿಗೆ ಹಾಕಿಯಾಯಿತು. ಬಲಗಾಲನ್ನು ಹಿಮ್ಮಡಿಯಲ್ಲಿ ಹಿಡಿದು ಮೇಲೆತ್ತಿದೆ. ಅವಳು ಅದೇ ಹೊತ್ತಿಗೆ ಕಿಟಕಿಯ ಕಡೆ ತಿರುಗಿದಳು. ಅಷ್ಟೇ. ಒಣಗಿದ ಕಡ್ಡಿ ಮುರಿದಂಥ ಸದ್ದು. ಮೊದಲು ಅದು ಮಂಚದ್ದು ಎಂದುಕೊಂಡೆ. ಅವಳು ಅಳಲಿಲ್ಲ, ನನ್ನ ಮುಖ ನೋಡಿದಳು, ಆಮೇಲೆ ಅತ್ತಳು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಕೇಳಿದರು, "ಹೇಗಾಯ್ತು?" "ಕಾಲುಚೀಲ ಹಾಕ್ತಿದ್ದೆ" ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. "ಕಾಲುಚೀಲ ಹಾಕಿದ್ರೆ ಮುರಿಯತ್ತಾ ಮೇಡಂ?" ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ ದನಿ. ನಿಮ್ಮ ಮನೆಯ ನಡುಕೋಣೆಯಲ್ಲಿ ನಿಂತು ಅದೇ ದನಿಯಲ್ಲಿ ನಿನ್ನನ್ನು ಕೇಳಿದ್ದೆ. ಉತ್ತರ ಹೇಳುವವರಿಗೆ ತಮ್ಮ ನಿಜವೇ ಸುಳ್ಳಿನ ಹಾಗೆ ಹೇಗೆ ಕೇಳಿಸುತ್ತದೆ ಎನ್ನುವುದು ಆಗ ಗೊತ್ತಾಯಿತು. ಮನೆಗೆ ಬಂದು ನಿನಗೆ ನೆಗಡಿ ಎಂದು ಬರೆದೆ. ನಿನ್ನಷ್ಟು ಧೈರ್ಯ ನನಗಿಲ್ಲ.

ಮಾರನೆಯ ದಿನ ಮತ್ತೆ ಆಸ್ಪತ್ರೆಗೆ ಹೋದಾಗ ಮಕ್ಕಳ ಡಾಕ್ಟರು ಬಂದರು. ವಯಸ್ಸಾದ ಹೆಂಗಸು. ಪ್ಲಾಸ್ಟರಿನ ಕಡೆ ನೋಡಲೇ ಇಲ್ಲ, ಚಿಣ್ಣಿಯ ಕಣ್ಣಿನ ರೆಪ್ಪೆ ಬಿಡಿಸಿ ಟಾರ್ಚು ಹಾಕಿದರು. ಕಣ್ಣಿನ ಬಿಳಿಭಾಗ ಬಿಳಿಯಲ್ಲ, ತೆಳು ನೀಲಿ. ನಾನು ಏಳು ವಾರ ಆ ಕಣ್ಣುಗಳನ್ನು ನೋಡಿದ್ದೇನೆ. ಚೆಲುವಾಗಿವೆ ಎಂದುಕೊಂಡಿದ್ದೆ. "ಇದು ಯಾರೂ ಹೊಡೆದಿದ್ದಲ್ಲ ಅನ್ಸತ್ತೆ" ಎಂದರು. ರಕ್ತ ಪರೀಕ್ಷೆಗೆ ಕಳಿಸಿದ್ದಾರೆ. ಮೂರು ವಾರ ಬೇಕಂತೆ.

ಅಕ್ಕ


ಮಾರ್ಚ್ 26

ತಮ್ಮನಿಗೆ,

ಫಲಿತಾಂಶ ಬಂದಿದೆ. ನಿನ್ನೆ ಕಚೇರಿಗೆ ಹೋಗಿ ದೂರನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ಬರೆದುಕೊಟ್ಟದ್ದು ತಪ್ಪು ಎಂದು ಅದೇ ಕಾಗದದ ಕೆಳಗೆ ಬರೆದು ಸಹಿ ಹಾಕಿದೆ. ಅಧಿಕಾರಿ "ಹಿಂದಕ್ಕೆ ತಗೊಂಡ ತಕ್ಷಣ ಮಗು ಕೊಡೋಕಾಗಲ್ಲ, ವಿಚಾರಣೆ ಆಗ್ಬೇಕು" ಎಂದರು. ನನ್ನ ದೂರು ಸ್ವೀಕರಿಸಲು ಅವರಿಗೆ ಹತ್ತು ನಿಮಿಷ ಸಾಕಾಗಿತ್ತು. ಏಪ್ರಿಲ್ ಹತ್ತೊಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಡಾಕ್ಟರೇ ಬಂದು ಹೇಳುತ್ತಾರೆ.

ಈಗ ಕಾಯಿಲೆಯ ವಿಷಯ. ಪಾಠ ಮಾಡುತ್ತಿದ್ದಾಳೆ ಎಂದು ಕಾಗದ ಹರಿಯಬೇಡ. ನಿನಗೆ ತಿಳಿಯಲೇಬೇಕು.

ನೀನು ಕುದಿಸುವ ಅಂಟು ಎಲ್ಲಿಂದ ಬರುತ್ತದೆಯೋ ಅದೇ ಪ್ರೋಟೀನು ನಮ್ಮ ಮೂಳೆಗೂ ಆಧಾರ. ಮೂರು ಎಳೆ ಹೊಸೆದ ಹಗ್ಗದ ಹಾಗಿರುತ್ತದೆ. ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಜಾಗ ಹಗ್ಗದ ಒಳಮಗ್ಗುಲಿಗೆ ಬರುತ್ತದೆ. ಅಲ್ಲಿ ಜಾಗ ಬಹಳ ಇಕ್ಕಟ್ಟು. ಗ್ಲೈಸಿನ್ ಒಂದೇ ಹಿಡಿಸುತ್ತದೆ, ಏಕೆಂದರೆ ಅದಕ್ಕೆ ಬಾಲವೂ ಇಲ್ಲ, ಬಳೆಯೂ ಇಲ್ಲ. ಸಾವಿರಕ್ಕೂ ಹೆಚ್ಚು ಕೊಂಡಿಗಳ ಎಳೆಯಲ್ಲಿ ಚಿಣ್ಣಿಗೆ ಒಂದೇ ಒಂದು ಕಡೆ ಗ್ಲೈಸಿನ್ ಇರಬೇಕಾದಲ್ಲಿ ಸೆರೀನ್ ಎಂಬ ಇನ್ನೊಂದು ಕೂತಿದೆ. ಅದು ಸ್ವಲ್ಪ ದೊಡ್ಡದು. ಅಷ್ಟಕ್ಕೇ ಹೊಸೆತ ಸಡಿಲ, ಮೂಳೆ ಪೆಳಸು. ಹುಟ್ಟಿನಿಂದಲೇ ಇದೆ. ಯಾರ ಕೈಯ ತಪ್ಪೂ ಇಲ್ಲ.

ಇಪ್ಪತ್ತಾರು ವರ್ಷ ಇದನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಅತಿ ಸರಳ, ಪರೀಕ್ಷೆಗೆ ಎರಡು ಅಂಕ ಎಂದು ಹೇಳಿ, ಹೆಸರಿನ ಮೇಲೆ ಒಂದು ತಮಾಷೆ ಮಾಡಿ, ಮುಂದಿನದಕ್ಕೆ ಹೋಗುತ್ತಿದ್ದೆ. ಹುಡುಗರು ತಿರುಚಿ ಹೇಳಿದ್ದಲ್ಲ. ನಾನು ಹೇಳಿದ್ದೇ ಹಾಗೆ. ಅಂಟು ಕುದಿಸುವವರಿಗೆ ಗೊತ್ತಾಗುವುದಿಲ್ಲ ಎಂದೇ ಹೇಳಿದ್ದೆ.

ನಿಮ್ಮಿಬ್ಬರ ರಕ್ತವೂ ಬೇಕಂತೆ. ಸೋಮವಾರ ಆಸ್ಪತ್ರೆಗೆ ಹೋಗಿ.

ಅಕ್ಕ


ಏಪ್ರಿಲ್ 1

ಅಕ್ಕ,

ರಕ್ತ ಕೊಟ್ಟು ಬಂದೆವು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ನಿನ್ನ ಮೇಲೆ ಉಗುಳಿಕೊಂಡಿರುವುದನ್ನು ಓದಲು ಅಲ್ಲ, ಅದರಿಂದ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಒಂದು ವಿಷಯ ಕೇಳಬೇಕು. ಹೌದು ಅಥವಾ ಇಲ್ಲ ಅಂತ ಬರಿ. ಹಲಗೆ, ಸೀಮೆಸುಣ್ಣ ಬೇಡ.

ಅವಳಿಗೆ ಬೇಕಾದ ಆ ವಸ್ತು ಅಂಟಿನಲ್ಲಿ ತುಂಬ ಇದೆ ಅಂದೆ. ನಾನು ಹೊಸ ಪಾತ್ರೆಯಲ್ಲಿ, ಸುಣ್ಣ ಗಿಣ್ಣ ಏನೂ ಹಾಕದೆ, ಶುದ್ಧವಾಗಿ ಎಷ್ಟು ಬೇಕಾದರೂ ಕುದಿಸಬಲ್ಲೆ. ಈ ಕೆಲಸ ನನಗಿಂತ ಚೆನ್ನಾಗಿ ಮಾಡುವವರು ಈ ಊರಿನಲ್ಲಿ ಇಲ್ಲ. ದಿನಾ ಒಂದು ಲೋಟ ಕುಡಿಸಿದರೆ ಆ ಒಂದು ಜಾಗಕ್ಕೆ ಹೋಗಿ ಕೂರುತ್ತದಾ?

ತಮ್ಮ


ಏಪ್ರಿಲ್ 5

ತಮ್ಮ,

ಇಲ್ಲ.

ಒಂದೇ ಸಾಲು ಹೆಚ್ಚಿಗೆ ಬರೆಯುತ್ತೇನೆ, ಸಹಿಸಿಕೋ. ಅವಳ ಮೈಯಲ್ಲಿ ಅದಕ್ಕೆ ಕೊರತೆ ಇಲ್ಲ, ಯಾವುದನ್ನು ಎಲ್ಲಿ ಕೂರಿಸಬೇಕು ಎಂಬ ಬರಹದಲ್ಲೇ ಒಂದು ಅಕ್ಷರ ತಪ್ಪಿದೆ. ಹೊರಗಿನಿಂದ ಎಷ್ಟು ಕೊಟ್ಟರೂ ಅದು ತಿದ್ದಿಕೊಳ್ಳುವುದಿಲ್ಲ. ಮೂಳೆ ಗಟ್ಟಿ ಮಾಡುವ ಔಷಧಿ ಇದೆ. ಮುರಿಯುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಉತ್ತರ ಹೌದು ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾಲ್ಕು ದಿನ ಈ ಕಾಗದವನ್ನು ಬರೆಯದೆ ಕೂತಿದ್ದೆ.

ಅಕ್ಕ


ಜೂನ್ 12

ಅತ್ತಿಗೆಯವರಿಗೆ,

ನಾನು ನಿಮ್ಮ ತಮ್ಮನ ಹೆಂಡತಿ. ಚಿಣ್ಣಿಯ ಅಮ್ಮ. ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನನ್ನ ಅಕ್ಷರ ನಿಮ್ಮ ಹಾಗೆ ಚೆನ್ನಾಗಿಲ್ಲ.

ಮಗು ಮನೆಗೆ ಬಂದು ಏಳು ವಾರವಾಯಿತು. ಪ್ಲಾಸ್ಟರ್ ಬಿಚ್ಚಿದ್ದಾರೆ. ಔಷಧಿ ಶುರುವಾಗಿದೆ. ವಿಚಾರಣೆಯ ದಿನ ನೀವು ಎಲ್ಲರೆದುರಿಗೆ ತಪ್ಪು ನನ್ನದು ಎಂದಿರಿ. ಆಮೇಲೆ ಹೊರಗೆ ಬಂದು ನಿಮ್ಮ ತಮ್ಮನ ಎದುರಿಗೆ ನಿಂತಿರಿ. ಅವರು ಮುಖ ತಿರುಗಿಸಿಕೊಂಡರು. ನೀವು ಅಳುತ್ತಾ ಹೋದಿರಿ. ನಾನು ನಿಮ್ಮಿಬ್ಬರ ನಡುವೆ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ನೀವು ನನ್ನ ಹತ್ತಿರ ಏನೂ ಹೇಳಲಿಲ್ಲ.

ಇಷ್ಟು ತಿಂಗಳ ನಿಮ್ಮ ಕಾಗದಗಳನ್ನು, ತಾವು ಬರೆದದ್ದರ ನಕಲುಗಳನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೊನ್ನೆ ಎಲ್ಲ ಓದಿದೆ. ನೀವಿಬ್ಬರೂ ಚೆನ್ನಾಗಿ ಬೈದುಕೊಂಡಿದ್ದೀರಿ. ಚಿಕ್ಕಂದಿನ ಸೌಟು, ಗೆಳತಿಯರು, ಕಾಲೇಜಿನ ಹುಡುಗರು, ಎಲ್ಲ ಇದೆ. ಮಗುವನ್ನು ಕಿತ್ತುಕೊಂಡದ್ದು ನನ್ನ ಮಡಿಲಿನಿಂದ. ನಾನು ಮಾತ್ರ ಎಲ್ಲೂ ಇಲ್ಲ. ಇಲ್ಲ, ಒಂದು ಕಡೆ ಇದ್ದೇನೆ. ಗೋಡೆಗೆ ಒರಗಿ ನಿಂತಿದ್ದೇನೆ.

ಯಾಕೆ ಒರಗಿ ನಿಂತಿದ್ದೆ ಅಂದರೆ ನನ್ನ ಸೊಂಟ ನೋಯುತ್ತದೆ. ಒಂದು ಕೇಳಿದರೆ ಒಂದು ಯಾಕೆ ಹೇಳುತ್ತೇನೆ ಅಂದರೆ ನನಗೆ ಎಡಗಿವಿ ಕೇಳಿಸುವುದಿಲ್ಲ. ನನ್ನ ರಕ್ತದ ಫಲಿತಾಂಶ ಬಂದಿದೆ. ಮಗುವಿಗೆ ಇರುವುದು ನನ್ನಿಂದ ಬಂದದ್ದು. ನನಗೆ ಕಡಿಮೆ, ಅವಳಿಗೆ ಹೆಚ್ಚು. ಹನ್ನೆರಡು ವರ್ಷದೊಳಗೆ ನನ್ನ ಮೂಳೆ ಐದು ಸಲ ಮುರಿದಿತ್ತು. ಅವನೇ ಹೊಡೆಯುತ್ತಾನೆ ಎಂದು ನಮ್ಮಪ್ಪನನ್ನೂ ಜನ ಅಂದರು. ಅವನು ಬಾಯಿ ಬಿಡದೆ ಸತ್ತ.

ಇದನ್ನು ನಾನು ನಿಮಗೆ ಡಿಸೆಂಬರಿನ ಆ ಭಾನುವಾರವೇ ಹೇಳಿದೆ. ನೀವು ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಿರಿ. "ಅತ್ತಿಗೆ, ನಂಗೂ ಚಿಕ್ಕಂದಿನಲ್ಲಿ ಹೀಗೇ ಮುರೀತಿತ್ತು" ಅಂದೆ. ನೀವು "ಅವನನ್ನ ಬಚಾವ್ ಮಾಡೋಕೆ ನೀನು ಇನ್ನೂ ಏನೇನ್ ಹೇಳ್ತೀಯೋ" ಅಂದಿರಿ. ಮಗುವನ್ನು ಕರೆದುಕೊಂಡು ಹೋಗುವ ದಿನ ಕಾರಿನ ಕಿಟಕಿ ಹಿಡಿದು ಇನ್ನೊಂದು ಸಲ ಹೇಳಲು ಬಂದೆ. ನೀವು ಡ್ರೈವರಿಗೆ "ನಡೀರಿ" ಅಂದಿರಿ. ನಿಮ್ಮ ಅಷ್ಟು ವಿದ್ಯೆ ಯಾವ ಕೆಲಸಕ್ಕೆ ಬಂತು ಅತ್ತಿಗೆ? ಅದರಲ್ಲಿ ಒಂದು ಚಿಟಿಕೆ ನನ್ನ ಮಾತು ಕೇಳಲು ಬಳಸಿದ್ದರೆ ಸಾಕಿತ್ತು. ನನ್ನ ಗಂಡನ ಮೇಲೆ ನಿಮಗೆ ಸಿಟ್ಟಾದರೂ ಇತ್ತು. ನನ್ನ ಮೇಲೆ ಅದೂ ಇರಲಿಲ್ಲ.

ಈಗ ಬರೆಯಬೇಕಾದದ್ದು. ಚಿಣ್ಣಿಯನ್ನು ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ. ಎರಡು ಶಾಲೆಗೆ ಹೋಗಿ ಬಂದೆವು. ಬಿದ್ದರೆ ಯಾರು ಹೊಣೆ ಎನ್ನುತ್ತಾರೆ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಅವಳು ಕಿಟಕಿಯಲ್ಲಿ ಕೂತು ಚೀಲ ಹಾಕಿಕೊಂಡು ಹೋಗುವ ಮಕ್ಕಳನ್ನು ನೋಡುತ್ತಾಳೆ. ಅತ್ತೆಯ ಮನೆಯ ಪುಸ್ತಕ ಬೇಕು ಎಂದು ಹಟ ಮಾಡುತ್ತಾಳೆ. ನಿಮಗೆ ಪಾಠ ಹೇಳುವುದು ಬರುತ್ತದೆ. ಅದು ಒಂದು ನಿಮ್ಮಿಂದ ಬೇಕು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಪ್ರತಿ ಶನಿವಾರ. ಈ ಕಾಗದ ಬರೆಯುತ್ತಿರುವುದು ನಿಮ್ಮ ತಮ್ಮನಿಗೆ ಗೊತ್ತು. ಬೇಡ ಎನ್ನಲಿಲ್ಲ, ಬರಲಿ ಎಂದೂ ಅನ್ನಲಿಲ್ಲ. ಆ ಹೊತ್ತಿಗೆ ಅವರು ಕಾರ್ಖಾನೆಯಲ್ಲಿ ಇರುತ್ತಾರೆ. ನಿಮ್ಮನ್ನು ಕ್ಷಮಿಸಿದ್ದೇವೆ ಎಂದು ತಿಳಿಯಬೇಡಿ. ಅವಳಿಗೆ ಅಕ್ಷರ ಬೇಕು, ಅಷ್ಟೇ.

ಅವಳು ನಿಮ್ಮನ್ನು ಕಂಡ ಕೂಡಲೇ ಎರಡೂ ಕೈ ಚಾಚುತ್ತಾಳೆ. ಎತ್ತಿಕೊಳ್ಳುವ ಮೊದಲು ನನ್ನನ್ನು ಕೇಳಿ. ಬಲಗಡೆ ಬಂದು, ಜೋರಾಗಿ ಕೇಳಿ.

ಚಿಣ್ಣಿಯ ಅಮ್ಮ